ಮೊದಲ ಬಲ್ಬು ಕರೆಂಟು ತಿನ್ನುತ್ತದೆಯೇ?

ಒಂದು ಬ್ಯಾಟರಿ, ಒಂದರ ಹಿಂದೆ ಒಂದಾಗಿ ಎರಡು ಬಲ್ಬು. ಯಾವುದು ಹೆಚ್ಚು ಬೆಳಗುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿದರೆ ಕೈ ಎತ್ತಲು ಯಾರೂ ತಡ ಮಾಡುವುದಿಲ್ಲ. "ಮೊದಲನೆಯದು, ಟೀಚರ್. ಅದು ತಿಂದು ಉಳಿದದ್ದಲ್ಲವೇ ಎರಡನೆಯದಕ್ಕೆ ಸಿಗುವುದು?" ಜಾತ್ರೆಯ ಊಟದಲ್ಲಿ ಪಂಕ್ತಿಯ ಕೊನೆಗೆ ಕುಳಿತು, ಪಾಯಸದ ಬಕೆಟ್ ತಮ್ಮ ಎಲೆಯ ಬಳಿ ಬರುವ ಹೊತ್ತಿಗೆ ಅದರ ತಳ ಕಂಡ ಮಕ್ಕಳ ಉತ್ತರ ಇದು. ತರ್ಕದಲ್ಲಿ ತಪ್ಪಿಲ್ಲ, ಭೌತವಿಜ್ಞಾನದಲ್ಲಿ ಮಾತ್ರ ತಪ್ಪು.

ಕಾಸರಗೋಡಿನ ಗಡಿಯ ಒಂದು ಕನ್ನಡ ಮಾಧ್ಯಮ ಶಾಲೆ ನಮ್ಮದು. ಈ ಉತ್ತರ ತಪ್ಪೆಂದು ತೋರಿಸಲು ಹಿಂದೊಮ್ಮೆ ನಾನು ಪೇಟೆಯ ಅಂಗಡಿಯಿಂದ ಎರಡು ಟಾರ್ಚ್ ಬಲ್ಬು ತಂದೆ. ಎರಡರ ಮೇಲೂ 3.8 ವೋಲ್ಟ್, 0.3 ಆಂಪಿಯರ್ ಎಂದು ಒಂದೇ ಗುರುತು. ಮೇಜಿನ ಮೇಲೆ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸಿ ಸ್ವಿಚ್ ಒತ್ತಿದೆ. ಬ್ಯಾಟರಿಯ ಧನಾಗ್ರದ ಕಡೆಗಿದ್ದ ಬಲ್ಬು ಚೆನ್ನಾಗಿ ಹೊತ್ತಿಕೊಂಡಿತು. ಇನ್ನೊಂದು ಮಂಕಾಗಿ, ಕೆಂಪಗೆ. ತರಗತಿಯಿಡೀ ಚಪ್ಪಾಳೆ. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಬಲ್ಬುಗಳನ್ನು ಅದಲುಬದಲು ಮಾಡಿ ನೋಡೋಣ ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು. ಮರುದಿನ ಅದಲುಬದಲು ಮಾಡಿ, ಈಗ ಹಿಂದಿನ ಬಲ್ಬೇ ಹೆಚ್ಚು ಬೆಳಗುವುದನ್ನು ತೋರಿಸಿದೆನಾದರೂ ಅರ್ಧ ತರಗತಿಯ ನೆನಪಿನಲ್ಲಿ ಉಳಿದದ್ದು ಮೊದಲ ದಿನದ ಚಪ್ಪಾಳೆಯೇ.

ನಡೆದದ್ದು ಇಷ್ಟೇ: ಒಂದೇ ಗುರುತಿನ ಎರಡು ಬಲ್ಬುಗಳ ತಂತು, ಅಂದರೆ ಒಳಗೆ ಉರಿಯುವ ಎಳೆ, ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತದೆ. ತೆಳ್ಳಗಿನ ತಂತುವಿಗೆ ರೋಧ, ಅಂದರೆ ಪ್ರವಾಹಕ್ಕೆ ಒಡ್ಡುವ ತಡೆ, ಹೆಚ್ಚು. ಸರಣಿಯಲ್ಲಿ ಎರಡರಲ್ಲೂ ಒಂದೇ ಪ್ರವಾಹ ಹರಿಯುವುದರಿಂದ ರೋಧ ಹೆಚ್ಚಿರುವುದೇ ಹೆಚ್ಚು ಬೆಳಗುತ್ತದೆ. ನಮ್ಮ ಮೇಜಿನ ಮೇಲೆ ಅದು ಆಕಸ್ಮಿಕವಾಗಿ ಮೊದಲ ಜಾಗದಲ್ಲಿತ್ತು. ನಿಜವಾದ ಉಪಕರಣ ನಿಜವನ್ನೇ ಹೇಳಿತು. ಆದರೆ ನಾನು ಕೇಳಿದ ಪ್ರಶ್ನೆಗೆ ಅಲ್ಲ.

ಪಾಠಕ್ಕೆ ಸಿಮ್ಯುಲೇಷನ್ ಬಳಸಲು ಶುರುಮಾಡಿದ್ದು ಆ ಚಪ್ಪಾಳೆಯ ನಂತರ.

ಪರದೆಯ ಮೇಲಿನ ಮೇಜು

ಸಿಮ್ಯುಲೇಷನ್ ಎಂದರೆ ಪ್ರಯೋಗದ ವೀಡಿಯೊ ಅಲ್ಲ. ವೀಡಿಯೊದಲ್ಲಿ ಒಬ್ಬರು ಮಾಡಿದ್ದನ್ನು ನಾವು ನೋಡುತ್ತೇವೆ. ಇಲ್ಲಿ ಬ್ಯಾಟರಿ, ತಂತಿ, ಬಲ್ಬು, ಸ್ವಿಚ್‌ಗಳನ್ನು ಬುಟ್ಟಿಯಿಂದ ಎತ್ತಿ ತಂದು ನಾವೇ ಜೋಡಿಸುತ್ತೇವೆ. ಜೋಡಿಸಿದ್ದು ಸರಿಯೋ ತಪ್ಪೋ, ಅದಕ್ಕೆ ತಕ್ಕಂತೆ ಮಂಡಲ (ಸರ್ಕ್ಯೂಟ್) ವರ್ತಿಸುತ್ತದೆ. ನಾನು ಹೆಚ್ಚಾಗಿ ಬಳಸುವುದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಸಂಗ್ರಹದಲ್ಲಿರುವ ವಿದ್ಯುನ್ಮಂಡಲದ ಕಿಟ್. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಮರುವರ್ಷ ಶುರುಮಾಡಿದ ಯೋಜನೆ ಅದು. ಪೂರ್ತಿ ಉಚಿತ. ಹೆಚ್ಚಿನವು ಬ್ರೌಸರ್‌ನಲ್ಲೇ ಓಡುತ್ತವೆ, ಮೊಬೈಲಿನಲ್ಲೂ ಓಡುತ್ತವೆ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಡ.

ಕೊನೆಯ ಮಾತು ನಮ್ಮ ಕಡೆ ಸಣ್ಣದಲ್ಲ. ಜೂನ್, ಜುಲೈ ತಿಂಗಳಲ್ಲಿ ಒಂದು ಮರ ವಾಲಿದರೆ ಸಾಕು, ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಯೋಜನೆಯಿಂದ ಎಂಟರಿಂದ ಹನ್ನೆರಡರವರೆಗಿನ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದಿವೆ. ಕರೆಂಟು ಹೋದರೆ ಪ್ರೊಜೆಕ್ಟರ್ ಕಣ್ಣು ಮುಚ್ಚುತ್ತದೆ, ಲ್ಯಾಪ್‌ಟಾಪ್ ಒಂದಷ್ಟು ಹೊತ್ತು ಜೀವ ಹಿಡಿದಿರುತ್ತದೆ. ಹೊರಗೆ ಮಳೆ ಹೊಡೆಯುತ್ತಿರುವಾಗ ಮೂವತ್ತು ಮಕ್ಕಳು ಒಂದೇ ಪರದೆಯ ಸುತ್ತ ಮುಗಿಬಿದ್ದು, ಕರೆಂಟಿಲ್ಲದ ಕೋಣೆಯಲ್ಲಿ ಕರೆಂಟಿನ ಪಾಠ ಕೇಳಿದ್ದು ಎಷ್ಟು ಸಲವೋ.

ಕಿಟ್ ತೆರೆದು ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ. ಬ್ಯಾಟರಿ 9 ವೋಲ್ಟ್, ಬಲ್ಬುಗಳ ರೋಧ ತಲಾ 10 ಓಮ್. ತಂತಿಯೊಳಗೆ ನೀಲಿ ಬಿಂದುಗಳು ಸಾಲಾಗಿ ಚಲಿಸತೊಡಗುತ್ತವೆ, ಅವು ಎಲೆಕ್ಟ್ರಾನುಗಳು. ಮಕ್ಕಳಿಗೆ ನಾನು ಹೇಳುವುದು ಒಂದೇ: ಮೊದಲ ಬಲ್ಬಿನ ಮುಂಚೆ ಒಂದು ಕಡೆ, ಎರಡರ ನಡುವೆ ಒಂದು ಕಡೆ, ಎರಡನೆಯದರ ಆಚೆ ಒಂದು ಕಡೆ ಬೆರಳಿಟ್ಟು ಬಿಂದುಗಳನ್ನು ಎಣಿಸಿ. ಮೂರೂ ಕಡೆ ಲೆಕ್ಕ ಒಂದೇ. ಪ್ರವಾಹ ಅಳೆಯುವ ಅಮ್ಮೀಟರ್ ಇಟ್ಟರೆ ಮೂರೂ ಕಡೆ 0.45 ಆಂಪಿಯರ್, 9 ವೋಲ್ಟನ್ನು ಒಟ್ಟು 20 ಓಮಿನಿಂದ ಭಾಗಿಸಿದಷ್ಟು. ಬಲ್ಬು ಎಲೆಕ್ಟ್ರಾನುಗಳನ್ನು ತಿನ್ನುವುದಿಲ್ಲ, ಹೊಕ್ಕಷ್ಟೇ ಹೊರಬರುತ್ತವೆ. ಅವು ಬಲ್ಬಿನಲ್ಲಿ ಬಿಟ್ಟುಹೋಗುವುದು ಶಕ್ತಿಯನ್ನು. ನೀರಿನ ಗಿರಣಿಯ ಚಕ್ರ ನೀರನ್ನು ಕುಡಿಯುತ್ತದೆಯೇ? ಕೆಳಗೆ ಬೀಳುವ ನೀರಿನಿಂದ ತಿರುಗುತ್ತದೆ, ಅಷ್ಟೇ.

ಮೇಜಿನ ಮೇಲೆ ಇದನ್ನು ಯಾವ ಉಪಾಯದಿಂದಲೂ ತೋರಿಸಲಾಗುವುದಿಲ್ಲ. ಎಲೆಕ್ಟ್ರಾನ್ ಕಣ್ಣಿಗೆ ಕಾಣುವ ವಸ್ತುವಲ್ಲ. ಪರದೆಯ ಮೇಲಿನ ಎರಡು ಬಲ್ಬುಗಳಾದರೋ ತದ್ರೂಪು ಅವಳಿಗಳು. ತಂತುವಿನ ಹೆಚ್ಚು ಕಡಿಮೆ ಅಲ್ಲಿಲ್ಲ.

ಮೂರನೆಯ ಬಲ್ಬನ್ನು ಕಳಚಿದಾಗ

ತೋರಿಸಿದ ಮಾತ್ರಕ್ಕೆ ತಲೆಗೆ ಹೋಗುತ್ತದೆ ಎಂದುಕೊಂಡಿದ್ದರೆ ಅದು ನಮ್ಮ ಭ್ರಮೆ. ಮೊದಲ ವರ್ಷ ನಾನು ಮಾಡಿದ್ದು ಅದನ್ನೇ: ನಾನು ಜೋಡಿಸುವುದು, ಅವರು ನೋಡುವುದು, "ಅರ್ಥವಾಯಿತೇ?" ಎಂದರೆ "ಆಯಿತು ಟೀಚರ್". ಪರೀಕ್ಷೆಯಲ್ಲಿ ಮೊದಲ ಬಲ್ಬು ಮತ್ತೆ ಕರೆಂಟು ತಿಂದಿತ್ತು. ಈಗ ಕ್ರಮ ಬದಲಿಸಿದ್ದೇನೆ. ಸ್ವಿಚ್ ಒತ್ತುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾರಣದೊಂದಿಗೆ ನೋಟ್‌ಪುಸ್ತಕದಲ್ಲಿ ಬರೆಯಬೇಕು. ಪೆನ್ನಿನಲ್ಲಿ, ಪೆನ್ಸಿಲ್ ಬೇಡ. ತಾನೇ ಬರೆದದ್ದು ಸುಳ್ಳಾದಾಗ ಆಗುವ ಮುಜುಗರ ಟೀಚರ್ ಹೇಳಿದ ಸತ್ಯಕ್ಕಿಂತ ಆಳಕ್ಕೆ ಇಳಿಯುತ್ತದೆ.

ಈ ಕ್ರಮಕ್ಕೆ ನನಗೆ ತುಂಬಾ ಇಷ್ಟವಾದ ಮಂಡಲ ಒಂದಿದೆ. 9 ವೋಲ್ಟಿನ ಬ್ಯಾಟರಿ. ಅದರಿಂದ ಹೊರಟ ತಂತಿ ಮೊದಲು 10 ಓಮಿನ 'ಅ' ಎಂಬ ಬಲ್ಬಿನ ಮೂಲಕ ಹಾದು, ನಂತರ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ 'ಆ', ಇನ್ನೊಂದರಲ್ಲಿ 'ಇ', ಅವೂ ತಲಾ 10 ಓಮ್. ಕವಲುಗಳು ಮತ್ತೆ ಸೇರಿ ಬ್ಯಾಟರಿಗೆ ಮರಳುತ್ತವೆ. ಪ್ರಶ್ನೆ: 'ಇ' ಬಲ್ಬನ್ನು ಕಳಚಿದರೆ 'ಅ' ಮತ್ತು 'ಆ' ಏನಾಗುತ್ತವೆ?

ಕಳೆದ ಸಲ ಕೇಳಿದಾಗ ಬಹುತೇಕ ಎಲ್ಲರೂ ಒಂದೇ ದಾರಿಯಲ್ಲಿ ಹೋದರು. ಪಾಲುದಾರ ಹೋದನಲ್ಲ, ಆದ್ದರಿಂದ 'ಆ' ಹೆಚ್ಚು ಬೆಳಗುತ್ತದೆ. 'ಅ' ಹೇಗಿತ್ತೋ ಹಾಗೆ. ಅದು ಕವಲಿಗಿಂತ ಮೊದಲು ಇರುವುದಲ್ಲವೇ, ಮುಂದೆ ಏನಾಯಿತೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಹಿಂದಿನ ಬೆಂಚಿನ ಹುಡುಗನೊಬ್ಬ ಇನ್ನೂ ಮುಂದೆ ಹೋದ: "ಕರೆಂಟು 'ಅ'ವನ್ನು ದಾಟಿ ಆಗಿದೆ ಟೀಚರ್. ದಾಟಿದ ಮೇಲೆ ಹಿಂದಕ್ಕೆ ಬಂದು ಸುದ್ದಿ ಹೇಳುತ್ತದೆಯೇ?"

ಪರದೆಯಲ್ಲಿ 'ಇ'ಯನ್ನು ಕಳಚಿದೆವು. 'ಆ' ಬೆಳಗಿತು, ಅದು ಅವರ ಊಹೆಯಂತೆಯೇ. ಆದರೆ 'ಅ' ಮಂಕಾಯಿತು. ಒಂದು ಕ್ಷಣ ಮೌನ. ಆಮೇಲೆ "ಮತ್ತೆ ಹಾಕಿ, ಮತ್ತೆ ತೆಗೆಯಿರಿ" ಎಂಬ ಕೂಗು. ಹತ್ತು ಸಲ ಹಾಕಿ ತೆಗೆದರೂ ಹತ್ತು ಸಲವೂ 'ಅ' ಮಂಕಾಯಿತು. ನಿಜವಾದ ಬಲ್ಬನ್ನು ಇಷ್ಟು ಸಲ ತಿರುಚಿದ್ದರೆ ಹೋಲ್ಡರ್ ಕೈಗೆ ಬಂದಿರುತ್ತಿತ್ತು.

ಲೆಕ್ಕ ಸರಳ. ಮೂರೂ ಇದ್ದಾಗ 'ಆ', 'ಇ' ಸಮಾಂತರದಲ್ಲಿ ಸೇರಿ 5 ಓಮ್, 'ಅ'ದ 10 ಕೂಡಿ ಒಟ್ಟು 15 ಓಮ್, ಪ್ರವಾಹ 0.6 ಆಂಪಿಯರ್. ಅಷ್ಟೂ 'ಅ'ದಲ್ಲಿ ಹರಿದು, ಕವಲಿನಲ್ಲಿ 0.3 ಮತ್ತು 0.3 ಆಗಿ ಒಡೆಯುತ್ತದೆ. 'ಇ' ಹೋದ ಮೇಲೆ ಹೊರಹೋಗುವ ದಾರಿ ಒಂದೇ, ಒಟ್ಟು ರೋಧ 20 ಓಮಿಗೆ ಏರಿತು, ಪ್ರವಾಹ 0.45ಕ್ಕೆ ಇಳಿಯಿತು. 'ಅ'ಕ್ಕೆ 0.6 ಇದ್ದದ್ದು 0.45 ಆಯಿತು, 'ಆ'ಗೆ 0.3 ಇದ್ದದ್ದು 0.45 ಆಯಿತು. ದಾರಿ ಮುಚ್ಚಿದರೆ ಒಟ್ಟು ಓಡಾಟವೇ ಕಡಿಮೆಯಾಗುತ್ತದೆ ಎಂಬುದು ಹೆದ್ದಾರಿ ಕೆಲಸದ ಕಾಲದಲ್ಲಿ ಕಾಸರಗೋಡು ಪೇಟೆಗೆ ಬಸ್ಸಿನಲ್ಲಿ ಹೋದವರಿಗೆ ಹೇಳಿಕೊಡಬೇಕಾಗಿಲ್ಲ. ಆ ಹುಡುಗನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ತಂತಿಯ ತುಂಬ ಎಲೆಕ್ಟ್ರಾನುಗಳು ಮೊದಲೇ ತುಂಬಿಕೊಂಡಿವೆ, ಸೈಕಲ್ ಚೈನಿನ ಕೊಂಡಿಗಳ ಹಾಗೆ. ಚೈನನ್ನು ಎಲ್ಲಿ ಹಿಡಿದರೂ ಇಡೀ ಚೈನು ನಿಧಾನವಾಗುತ್ತದೆ. ಮಂಡಲದಲ್ಲಿ 'ಮೊದಲು', 'ನಂತರ' ಎಂಬುದಿಲ್ಲ. ವಿದ್ಯುನ್ಮಂಡಲದ ಪಾಠದಲ್ಲಿ ಇದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಸೂತ್ರ ಬಾಯಿಪಾಠ ಮಾಡಿದವರೂ ಎಡವುವುದು ಇಲ್ಲೇ.

ಪರದೆಯ ಹಿಂದೆ ಏನು ನಡೆಯುತ್ತಿದೆ ಎಂದರೆ, ನಾವು ಈಗ ಮಾಡಿದಂಥ ಲೆಕ್ಕವೇ. ತಂತಿಗಳು ಸೇರುವ ಪ್ರತಿ ಸಂಧಿಗೆ ಕಂಪ್ಯೂಟರ್ ಒಂದು ಸಮೀಕರಣ ಬರೆಯುತ್ತದೆ: ಒಳಬರುವ ಪ್ರವಾಹ ಹೊರಹೋಗುವ ಪ್ರವಾಹಕ್ಕೆ ಸಮ. ನಮ್ಮ ಮಂಡಲದಲ್ಲಿ ಕವಲಿನ ಸಂಧಿಯ ವೋಲ್ಟೇಜು 'ವ' ಎಂದಿಟ್ಟುಕೊಂಡರೆ, ಬರುವುದು (9 − ವ) ÷ 10. ಹೋಗುವುದು ವ ÷ 10 ಎರಡು ಸಲ. ಬಿಡಿಸಿದರೆ ವ = 3 ವೋಲ್ಟ್. ಸಂಧಿ ನೂರಿದ್ದರೆ ಸಮೀಕರಣವೂ ನೂರು. ಎಲ್ಲವನ್ನೂ ಒಟ್ಟಿಗೆ ಬಿಡಿಸುತ್ತದೆ. ಒಟ್ಟಿಗೆ ಎಂಬ ಮಾತೇ ಇಲ್ಲಿ ಮುಖ್ಯ. ಮೊದಲ ಬಲ್ಬಿನಿಂದ ಶುರುಮಾಡಿ ಒಂದೊಂದಾಗಿ ಅಲ್ಲ. ಈ ನಿಯಮ ಕೊಟ್ಟವರು ಗುಸ್ತಾವ್ ಕಿರ್ಕ್‌ಹಾಫ್, 1845ರಲ್ಲಿ. ಆಗ ಅವರು 21 ವರ್ಷದ ವಿದ್ಯಾರ್ಥಿ. ಅದೇ ನಿಯಮದ ಮೇಲೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದವರು 1973ರಲ್ಲಿ ಸ್ಪೈಸ್ ಎಂಬ ತಂತ್ರಾಂಶವನ್ನು ಹೊರತಂದರು. ಚಿಪ್ ರೂಪಿಸುವ ಎಂಜಿನಿಯರುಗಳು ಇಂದಿಗೂ ಅದರ ವಂಶದ ತಂತ್ರಾಂಶಗಳನ್ನೇ ನೆಚ್ಚಿಕೊಂಡಿದ್ದಾರೆ. ಮಕ್ಕಳ ಆಟದಂತೆ ಕಾಣುವ ಕಿಟ್ ಆ ಮನೆತನದ ಕಿರಿಯ ಕೂಸು ಎನ್ನಬಹುದು.

ಕರೆಂಟು ಎಂಬ ಒಂದು ಪದ

ನಮ್ಮ ಮಾತಿನಲ್ಲೇ ಒಂದು ತೊಡಕು ಅಡಗಿ ಕುಳಿತಿದೆ. "ಕರೆಂಟು ಹೋಯಿತು" ಎಂದರೆ ಪೂರೈಕೆ ನಿಂತಿತು. "ಸಂಜೆ ಕರೆಂಟು ಕಡಿಮೆ" ಎಂದರೆ ವೋಲ್ಟೇಜು ಇಳಿದಿದೆ. "ಹಳೆಯ ಫ್ರಿಜ್ ತುಂಬಾ ಕರೆಂಟು ತಿನ್ನುತ್ತದೆ" ಎಂದರೆ ಬಿಲ್ಲಿನಲ್ಲಿ ಯೂನಿಟ್ ಹೆಚ್ಚು ಬರುತ್ತದೆ, ಅಂದರೆ ಶಕ್ತಿ. "ಕರೆಂಟು ಹೊಡೆಯಿತು" ಎಂದರೆ ಶಾಕ್. ಪಠ್ಯಪುಸ್ತಕದಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ಸಾಮರ್ಥ್ಯ, ಶಕ್ತಿ ಎಂದು ಬೇರೆ ಬೇರೆ ಮನೆಗಳಲ್ಲಿ ವಾಸಿಸುವವರೆಲ್ಲ ನಮ್ಮ ಮಾತಿನಲ್ಲಿ ಒಂದೇ ಜಗಲಿಯಲ್ಲಿ ಕುಳಿತಿದ್ದಾರೆ. ಮೊದಲ ಬಲ್ಬು ಕರೆಂಟು ತಿನ್ನುತ್ತದೆ ಎಂದ ಹುಡುಗಿ ಒಂದರ್ಥದಲ್ಲಿ ಕನ್ನಡವನ್ನು ಸರಿಯಾಗಿಯೇ ಆಡಿದ್ದಳು. ನನ್ನ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಮಲಯಾಳ ಆಡುವವರು, ಮರಾಠಿ, ಕೊಂಕಣಿ ಆಡುವವರು ಎಲ್ಲರೂ ಇದ್ದಾರೆ. ಈ ಕರೆಂಟು ಎಲ್ಲರ ಮನೆಯಲ್ಲೂ ಇದೇ ರೀತಿ ಓಡಾಡುತ್ತದೆ.

ಬಿಡಿಸಿ ಹೇಳಲು ವ್ಯಾಖ್ಯೆಗಳಿಗಿಂತ ಎರಡು ಮೀಟರುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅಮ್ಮೀಟರನ್ನು ಇಡಬೇಕಾದರೆ ದಾರಿಯನ್ನು ಕತ್ತರಿಸಿ ನಡುವೆ ಕೂರಿಸಬೇಕು. ಏಕೆಂದರೆ ಅದು ಹಾದುಹೋಗುವುದನ್ನು ಎಣಿಸುತ್ತದೆ. ವೋಲ್ಟ್‌ಮೀಟರ್ ಹಾಗಲ್ಲ, ಅದರ ಎರಡು ಕಡ್ಡಿಗಳನ್ನು ಎರಡು ಜಾಗಗಳಿಗೆ ಮುಟ್ಟಿಸಿದರೆ ಸಾಕು. ಅದು ನಡುವಿನ ವ್ಯತ್ಯಾಸ ಹೇಳುತ್ತದೆ. ಸ್ವಿಚ್ ತೆರೆದಿಟ್ಟ ಮಂಡಲದಲ್ಲಿ ಸ್ವಿಚ್ಚಿನ ಎರಡು ತುದಿಗೆ ವೋಲ್ಟ್‌ಮೀಟರ್ ಮುಟ್ಟಿಸಿ ನೋಡಿ. ಪ್ರವಾಹ ಸೊನ್ನೆ, ವೋಲ್ಟೇಜು ಪೂರ್ತಿ 9. "ಕರೆಂಟಿಲ್ಲ, ಆದರೆ ಕರೆಂಟಿದೆ" ಎಂದು ಹುಡುಗಿಯೊಬ್ಬಳು ಹೇಳಿ ತಾನೇ ನಕ್ಕಳು. ಎರಡು ಪದ ಏಕೆ ಬೇಕೆಂದು ಆ ದಿನದ ನಂತರ ನಾನು ವಿವರಿಸಬೇಕಾಗಿ ಬರಲಿಲ್ಲ.

ಇದೇ ಪಾಠವನ್ನು ತೋಟಕ್ಕೂ ಒಯ್ಯಬಹುದು. ಅಡಿಕೆ ತೋಟದ ಕೆಳಗಿನ ಕೆರೆಯ ಬಳಿ ಪಂಪು, ಮನೆ ಗುಡ್ಡದ ಮೇಲೆ. ನಡುವೆ 200 ಮೀಟರ್ ಕೇಬಲ್. ಮನೆಯಲ್ಲಿ ಬಲ್ಬು ಚೆನ್ನಾಗಿಯೇ ಉರಿಯುತ್ತಿದ್ದರೂ ಪಂಪು ಮಾತ್ರ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. "ಅಪ್ಪ ದಿನಾ ವಿದ್ಯುತ್ ಕಚೇರಿಯವರನ್ನು ಬೈಯುತ್ತಾರೆ" ಎಂದ ಹುಡುಗನ ಜೊತೆ ಕುಳಿತು ಲೆಕ್ಕ ಹಾಕಿದೆ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ. ಹೋಗಿ ಬರಲು 400 ಮೀಟರ್. ರೋಧ ಸುಮಾರು 2.75 ಓಮ್. ಇದಕ್ಕೆ ಫೆಟ್‌ಗಿಂತ ಪಾಲ್ ಫಾಲ್‌ಸ್ಟಾಡ್ ಎಂಬವರು ಮಾಡಿದ ಸಿಮ್ಯುಲೇಟರ್ ಅನುಕೂಲ; ಅದರಲ್ಲಿ ಬೇಕಾದ ಸಂಖ್ಯೆಯನ್ನು ಬರೆದು ಕೊಡಬಹುದು. ಪೂರೈಕೆಗೆ 230 ವೋಲ್ಟ್, ತಂತಿಗೆ 2.75 ಓಮ್, ಓಡುತ್ತಿರುವ ಮೋಟಾರಿನ ಬದಲು 23 ಓಮಿನ ರೋಧಕ ಇಟ್ಟೆವು. ಮೋಟಾರು ಬರಿಯ ರೋಧಕವಲ್ಲ ಎಂಬುದು ಗೊತ್ತಿದೆ. ಅಂದಾಜಿಗೆ ಇದು ಸಾಕು. ಪ್ರವಾಹ ಸುಮಾರು 8.9 ಆಂಪಿಯರ್, ಪಂಪಿನ ಬಳಿ 205 ವೋಲ್ಟ್. ಇಷ್ಟಾದರೆ ಪಂಪು ಓಡುತ್ತದೆ. ಆದರೆ ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಪ್ರವಾಹ ಎಳೆಯುತ್ತದೆ. ಅದಕ್ಕಾಗಿ 23ರ ಜಾಗದಲ್ಲಿ 4 ಓಮ್ ಇಟ್ಟು ನೋಡಿದೆವು. ಪ್ರವಾಹ 34 ಆಂಪಿಯರಿಗೆ ಜಿಗಿಯಿತು, ಪಂಪಿನ ಬಳಿ ಉಳಿದದ್ದು 136 ವೋಲ್ಟ್. ಉಳಿದ 94 ವೋಲ್ಟನ್ನು ತಂತಿ ನುಂಗಿತ್ತು. ಫಾಲ್‌ಸ್ಟಾಡ್ ಪರದೆಯಲ್ಲಿ ವೋಲ್ಟೇಜಿಗೆ ಬಣ್ಣವಿದೆ: ಧನ ವೋಲ್ಟೇಜು ಹಸಿರು, ಋಣ ಕೆಂಪು, ಸೊನ್ನೆ ಬೂದು. ತಂತಿಯ ಉದ್ದಕ್ಕೆ ನಾವಿಟ್ಟ ರೋಧಕದಲ್ಲಿ ಹಸಿರು ಬಾಡುತ್ತಾ ಹೋಗುವುದನ್ನು ಹುಡುಗ ಬಹಳ ಹೊತ್ತು ನೋಡಿದ. ದಪ್ಪ ಕೇಬಲ್ ಹಾಕಿದರೆ ಏನಾಗುತ್ತದೆಂದು ನಾನು ಹೇಳಲಿಲ್ಲ; 2.75 ಅಳಿಸಿ ಅವನೇ 1.1 ಬರೆದ.

ಉಳಿದ ಸಲಕರಣೆಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಆಟೊಡೆಸ್ಕ್ ಕಂಪನಿಯ ಟಿಂಕರ್‌ಕ್ಯಾಡ್‌ನಲ್ಲಿ ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡ್, ಎಲ್‌ಇಡಿ, ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು ಸಿಗುತ್ತವೆ. ರೋಧಕ ಹಾಕದೆ ಎಲ್‌ಇಡಿ ಜೋಡಿಸಿದರೆ ಅದು ಸುಟ್ಟ ಗುರುತು ತೋರಿಸುತ್ತದೆ. ಆದರೆ ಖಾತೆ ಬೇಕು, ನೆಟ್ ಬೇಕು. ಕ್ಲಬ್ಬಿನ ಮಕ್ಕಳಿಗೆ ಸರಿ, ನಲವತ್ತು ನಿಮಿಷದ ಪೀರಿಯಡ್‌ಗೆ ಅಲ್ಲ. ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈಯ ಸಿಡ್ಯಾಕ್ ಎಂಬ ಸರಕಾರಿ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಓಲ್ಯಾಬ್ಸ್‌ನಲ್ಲಿ ಓಮ್ ನಿಯಮದ ಪ್ರಯೋಗ ಪುಸ್ತಕದಲ್ಲಿರುವ ಕ್ರಮದಲ್ಲೇ ಇದೆ. ಪ್ರಾಕ್ಟಿಕಲ್ ಪರೀಕ್ಷೆಗೆ ತಯಾರಾಗಲು ಒಳ್ಳೆಯದು. ತಪ್ಪು ಮಾಡಿ ಕಲಿಯಲು ಅಲ್ಲಿ ಎಡೆ ಕಡಿಮೆ. ಫೆಟ್‌ನ ಕೆಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಬಟನ್ ಇಂಗ್ಲಿಷಿನಲ್ಲಿದ್ದರೂ ಮಕ್ಕಳು ನನಗಿಂತ ಬೇಗ ದಾರಿ ಕಂಡುಕೊಳ್ಳುತ್ತಾರೆ, ಅದೂ ನಿಜ.

ಪರದೆ ಹೇಳುವ ಸುಳ್ಳುಗಳು

ನಿಜವಾದ ಉಪಕರಣದ ಬದಲು ಸಿಮ್ಯುಲೇಷನ್ ಸಾಕೇ ಎಂಬ ಪ್ರಶ್ನೆ ಹಳೆಯದು. ಕೊಲರಾಡೊದವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದು ಗುಂಪು ನಿಜವಾದ ಬಲ್ಬು, ತಂತಿಗಳೊಂದಿಗೆ, ಇನ್ನೊಂದು ಗುಂಪು ಈ ಕಿಟ್‌ನೊಂದಿಗೆ ಪ್ರಯೋಗ ಮಾಡಿತು. ಆಮೇಲೆ ಇಬ್ಬರಿಗೂ ನಿಜವಾದ ಮಂಡಲವನ್ನೇ ಕಟ್ಟಲು ಕೊಟ್ಟಾಗ, ಪರದೆಯಲ್ಲಿ ಕಲಿತವರೇ ಚೆನ್ನಾಗಿ ಕಟ್ಟಿ ಚೆನ್ನಾಗಿ ವಿವರಿಸಿದರು. ಇದನ್ನು ಓದಿದವರು ಕೆಲವರು ಲ್ಯಾಬಿಗೆ ಬೀಗ ಹಾಕಬಹುದು ಎಂಬಂತೆ ಮಾತನಾಡುತ್ತಾರೆ. ನಾನು ಒಪ್ಪುವುದಿಲ್ಲ. ಪರದೆ ಪ್ರಾಮಾಣಿಕವಾಗಿಯೇ ಕೆಲವು ಸುಳ್ಳು ಹೇಳುತ್ತದೆ. ಅವುಗಳನ್ನು ಹಿಡಿಯಬೇಕಾದರೆ ಮೇಜು ಬೇಕು.

ಮೊದಲನೆಯದು ವೇಗ. ಪರದೆಯಲ್ಲಿ ಎಲೆಕ್ಟ್ರಾನುಗಳು ಸರಸರನೆ ಓಡುತ್ತವೆ. 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಅವುಗಳ ಸರಾಸರಿ ನಡಿಗೆ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ಸಾಗಲು ಮೂರೂಮುಕ್ಕಾಲು ಗಂಟೆ. ಬಸವನಹುಳು ಇದಕ್ಕಿಂತ ಎಷ್ಟೋ ಚುರುಕು. ಸ್ವಿಚ್ ಒತ್ತಿದೊಡನೆ ದೀಪ ಹತ್ತುವುದು ಇಡೀ ಚೈನು ಒಟ್ಟಿಗೆ ಹೊರಡುವುದರಿಂದ.

ಎರಡನೆಯದು ಬಲ್ಬು. ಕಿಟ್‌ನ ಸಾದಾ ಬಲ್ಬು ಆರಿದ್ದರೂ ಉರಿದರೂ 10 ಓಮ್. ನಿಜವಾದ ಟಾರ್ಚ್ ಬಲ್ಬನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಒಂದೆರಡು ಓಮ್ ತೋರಿಸಿ ಮಕ್ಕಳನ್ನು ಗಲಿಬಿಲಿಗೊಳಿಸುತ್ತದೆ. ತಂತು ಬಿಸಿಯಾದಂತೆ ರೋಧ ಹಲವು ಪಟ್ಟು ಏರುತ್ತದೆ.

ಮೂರನೆಯದು ಅಪಾಯಕಾರಿ. ಕಿಟ್‌ನ ಬುಟ್ಟಿಯಲ್ಲಿ ನಾಣ್ಯ, ಪೆನ್ಸಿಲ್, ರಬ್ಬರು, ನಾಯಿಯ ಜೊತೆಗೆ ಒಂದು ಕೈಯೂ ಇದೆ. ಎಲ್ಲರೂ ಮೊದಲು ಎಳೆದು ತರುವುದು ಅದನ್ನೇ. 9 ವೋಲ್ಟಿಗೆ ಜೋಡಿಸಿದ ಕೈಗೆ ಏನೂ ಆಗುವುದಿಲ್ಲ, ಎಲ್ಲರೂ ನಗುತ್ತಾರೆ. ನಾನು ನಗುವುದಿಲ್ಲ. ಒದ್ದೆ ಕೈಯ ರೋಧ ಸಾವಿರ ಓಮಿನ ಆಸುಪಾಸಿಗೆ ಇಳಿಯಬಲ್ಲದು. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಮನೆಯ ಬೋರ್ಡಿನಲ್ಲಿ ಇಎಲ್‌ಸಿಬಿ ಎಂದು ಕರೆಯುವ ಪೆಟ್ಟಿಗೆ 30 ಮಿಲಿಆಂಪಿಯರ್ ಸೋರಿದರೇ ಕಡಿದುಕೊಳ್ಳುವಂತೆ ಮಾಡಿರುವುದು ಸುಮ್ಮನೆ ಅಲ್ಲ. ಶಾರ್ಟ್ ಮಾಡಿದರೆ ಪರದೆಯ ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ತಂತಿ ಬಿಡಿಸಿದರೆ ಅದು ಮತ್ತೆ ಹೊಸದು. ಮನೆಯ ಗೋಡೆಯಲ್ಲಿ ಹಾಗೆ ಬಿಡಿಸಲಾಗುವುದಿಲ್ಲ ಎಂದು ಆ ದಿನವೇ, ಆ ಬೆಂಕಿ ಉರಿಯುತ್ತಿರುವಾಗಲೇ ಹೇಳುತ್ತೇನೆ.

ನಾಲ್ಕನೆಯ ಸುಳ್ಳು ಬ್ಯಾಟರಿಯದು, ನನಗೆ ಪ್ರಿಯವಾದದ್ದು. ಕಿಟ್‌ನ ಬ್ಯಾಟರಿ ಎಷ್ಟು ಬಲ್ಬು ಹಾಕಿದರೂ 9 ಎಂದರೆ 9. ಇಂಥ ಬ್ಯಾಟರಿ ಗೇಯಾರ್ಗ್ ಓಮ್‌ಗೂ ಸಿಕ್ಕಿರಲಿಲ್ಲ. ಕೊಲೋನಿನ ಆ ಶಾಲಾ ಮೇಷ್ಟ್ರು ತಮ್ಮ ಕಾಲದ ಬ್ಯಾಟರಿಗಳ ವೋಲ್ಟೇಜು ಕುಸಿಯುತ್ತಿದ್ದುದರಿಂದ ಬೇಸತ್ತು, 1826ರಲ್ಲಿ ಎರಡು ಲೋಹಗಳ ಸಂಧಿಯನ್ನು ಕಾಯಿಸಿ ತಂಪಾಗಿಸಿ ಪಡೆದ ಸ್ಥಿರವಾದ ವಿದ್ಯುತ್ತಿನಿಂದ ಅಳತೆ ಮಾಡಿದರು. ಮರುವರ್ಷ ಬಂದ ಅವರ ಪುಸ್ತಕದ ಸೂತ್ರವೇ (ವೋಲ್ಟೇಜು = ಪ್ರವಾಹ × ರೋಧ) ನಮ್ಮ ಬೋರ್ಡಿನ ಮೇಲಿರುವುದು.

ಈ ವರ್ಷ ಮಕ್ಕಳು ಮನೆಯಿಂದ ರಿಮೋಟಿನ, ಟಾರ್ಚಿನ ಹಳೆಯ ಸೆಲ್‌ಗಳನ್ನು ತಂದಿದ್ದರು. ಒಂದು ಕಡಿಮೆ ಬಿದ್ದದ್ದಕ್ಕೆ ಸ್ಟಾಫ್ ರೂಮಿನ ಗೋಡೆ ಗಡಿಯಾರದಿಂದ ನಾನೇ ತೆಗೆದು ಕೊಟ್ಟೆ. ಮೂರು ಸೆಲ್ ಸೇರಿ ಮೀಟರಿನಲ್ಲಿ 4.2 ವೋಲ್ಟ್. ಬಲ್ಬು ಹೊತ್ತಿಸಿದೊಡನೆ ಅದು 3.6ಕ್ಕೆ ಇಳಿಯಿತು, ಪ್ರವಾಹ 0.3 ಆಂಪಿಯರ್. ಆರಿಸಿದರೆ ಮತ್ತೆ 4.2. ಕಳೆದ ಸಲ 'ಹಿಂದಕ್ಕೆ ಬಂದು ಸುದ್ದಿ ಹೇಳುತ್ತದೆಯೇ' ಎಂದು ಕೇಳಿದ್ದ ಹುಡುಗ ಮೀಟರನ್ನೇ ಶಂಕಿಸಿ ಕಡ್ಡಿಗಳನ್ನು ಒತ್ತಿ ನೋಡಿದ. ಆಮೇಲೆ ಲ್ಯಾಪ್‌ಟಾಪಿನ ಬಳಿ ಹೋಗಿ ಅದೇ ಮಂಡಲ ಕಟ್ಟಿದ: 4.2 ವೋಲ್ಟ್, 12 ಓಮಿನ ಬಲ್ಬು. ಪರದೆಯಲ್ಲಿ 4.2 ಇಳಿಯಲಿಲ್ಲ.

"0.6 ಎಲ್ಲಿ ಹೋಯಿತು ಟೀಚರ್?"

ಕಿಟ್‌ನ ಪಕ್ಕದ ಪಟ್ಟಿಯಲ್ಲಿ ಬ್ಯಾಟರಿಯ ಆಂತರಿಕ ರೋಧ ಎಂಬ ಜಾರುಗುಂಡಿ ಇದೆ. ಸಾಮಾನ್ಯವಾಗಿ ಸೊನ್ನೆಯಲ್ಲಿ ನಿಂತಿರುತ್ತದೆ. ಅದನ್ನು ತೋರಿಸಿದೆ, ಹೆಚ್ಚು ಹೇಳಲಿಲ್ಲ. ಅವನು ಒಂದು ಓಮಿಗೆ ಸರಿಸಿದ, 3.88. ಎರಡಕ್ಕೆ ಸರಿಸಿದ, 3.60. ಮೇಜಿನ ಮೀಟರನ್ನೂ ಪರದೆಯನ್ನೂ ಎರಡು ಸಲ ನೋಡಿದ. ಪಕ್ಕದಲ್ಲಿದ್ದವಳು 0.6ನ್ನು 0.3ರಿಂದ ಭಾಗಿಸಿ ಆಗಲೇ ಎರಡು ಎಂದಾಗಿತ್ತು. ನಾಲ್ಕನೆಯ ಬೆಂಚಿನಿಂದ ಮತ್ತೊಂದು ಪ್ರಶ್ನೆ ಬಂತು: ಸೆಲ್ ಇಷ್ಟು ಸೋತಿದ್ದರೆ ಗಡಿಯಾರ ಹೇಗೆ ನಡೆಯುತ್ತಿತ್ತು?

ಗಡಿಯಾರ ಎಳೆಯುವ ಪ್ರವಾಹ ಸರಾಸರಿ ಒಂದು ಮಿಲಿಆಂಪಿಯರಿಗೂ ಕಡಿಮೆ. ಅದನ್ನು ಒಂದೆರಡು ಓಮಿನಿಂದ ಗುಣಿಸಿದರೆ ಕಳೆದುಹೋಗುವುದು ವೋಲ್ಟಿನ ಸಾವಿರದಲ್ಲೊಂದೆರಡು ಪಾಲು. ಲೆಕ್ಕ ಬೋರ್ಡಿನ ಮೇಲೆ ಮುಗಿಯುವ ಮೊದಲೇ ಅವರಲ್ಲಿಬ್ಬರು ಸೆಲ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಓಡಿದ್ದರು. ನಾನು ಹೋಗಿ ನೋಡುವಾಗ ಗಡಿಯಾರ ನಡೆಯುತ್ತಿತ್ತು, ಇಪ್ಪತ್ತೈದು ನಿಮಿಷ ಹಿಂದೆ.